ಐವತ್ತಾರು ಕಿಲೋ ಮರಳು

ಹಳೇ ಕಾರು ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸವೆಂದರೆ ಬಾಗಿಲು ತೆಗೆದು ಸೀಟು ಒತ್ತಿ ನೋಡುವುದು. ನನಗೆ ಮೈ ಉರಿಯುವುದು ಅಲ್ಲೇ. ಅಲ್ಲಪ್ಪಾ, ನೀನು ಕೊಳ್ಳುತ್ತಿರುವುದು ಮಂಚವೋ ಗಾಡಿಯೋ? ಸೀಟು ಹರಿದಿದ್ದರೆ ರೆಕ್ಸಿನ್ ಹೊಲಿಸಬಹುದು. ಇಂಜಿನ್ನಿನ ದಮ್ಮು ಹೋಗಿದ್ದರೆ ಯಾವ ದರ್ಜಿ ಹೊಲಿದುಕೊಡುತ್ತಾನೆ?

ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜಿದೆ. ಹೆಸರು ಚಲುವಯ್ಯ. ನನ್ನ ಬಾಯಿ ಸರಿಯಿಲ್ಲ, ಆದರೆ ಕಿವಿ ಸರಿಯಿದೆ ಅಂತ ಜನ ಹೇಳುತ್ತಿದ್ದರು. ಇಂಜಿನ್ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದೆಲ್ಲ ಜನ ಬಂದು, 'ಚಲುವಣ್ಣ, ಒಂದು ಗಾಡಿ ನೋಡ್ಕೊಡು' ಅನ್ನುತ್ತಿದ್ದರು. ನನ್ನ ಪರೀಕ್ಷೆ ಒಂದೇ. ಕೊಳ್ಳುವವರ ಮನೆಯಲ್ಲಿ ಎಷ್ಟು ಜನವೋ ಅಷ್ಟು ಮರಳಿನ ಮೂಟೆ, ಒಬ್ಬೊಬ್ಬರ ತೂಕಕ್ಕೆ ಸರಿಯಾಗಿ ತೂಗಿ ಗಾಡಿಗೆ ಹೇರುವುದು. ಜಕ್ಕನಹಳ್ಳಿ ದಾಟಿ ಮೇಲುಕೋಟೆಯ ಏರು ಹತ್ತಿಸುವುದು. ಸೆಕೆಂಡ್ ಗೇರಿನಲ್ಲಿ ಹತ್ತಿದರೆ ತಗೋ. ಫಸ್ಟ್ ಗೇರಿಗೆ ಬಿದ್ದರೆ ಬೇಡ. ಚಲುವಯ್ಯ ಬೇಡ ಅಂದ ಗಾಡಿಯನ್ನು ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ಮುಟ್ಟುತ್ತಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಹಾಳು ಹೆಮ್ಮೆ.

ನನಗೆ ಒಬ್ಬಳೇ ತಂಗಿ, ಚಂದ್ರಕಲ. ಮನೆಯಲ್ಲಿ ಚಂದ್ರಿ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ಕೊಟ್ಟಿದ್ದೆವು. ಅವಳ ಗಂಡ ಜಯಕುಮಾರ್ ಅಲ್ಲಿನ ಹಾಲಿನ ಡೈರಿಯ ಸೆಕ್ರೆಟರಿ. ಮೆತ್ತಗಿನ ಮನುಷ್ಯ, ಹತ್ತು ಮಾತು ಕೇಳಿದರೆ ಒಂದು ಆಡುತ್ತಾನೆ. ನಾನು ಅವನನ್ನು ಬಾವ ಅನ್ನುತ್ತೇನೆ, ಅವನೂ ನನ್ನನ್ನು ಬಾವ ಅನ್ನುತ್ತಾನೆ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ಚಂದ್ರಿ ಮಾತ್ರ ಆ ಕೊರತೆಯನ್ನು ಮುಖದಲ್ಲಿ ಇಟ್ಟುಕೊಂಡವಳಲ್ಲ. ನನ್ನಂಥ ಸಿಡುಕನನ್ನೂ ನಗಿಸುತ್ತಿದ್ದವಳು ಅವಳೊಬ್ಬಳೇ.

ತೊಂಬತ್ತಾರನೆಯ ಇಸವಿ ಶಿವರಾತ್ರಿಯ ಹೊತ್ತಿಗೆ ಅವಳಿಗೆ ಕಿಬ್ಬೊಟ್ಟೆ ನೋವು ಶುರುವಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಗರ್ಭಕೋಶದಲ್ಲಿ ಗಡ್ಡೆ ಅಂದರು. ಯಾವ ಗಡ್ಡೆ ಅಂತ ನಮಗೆ ಬಿಡಿಸಿ ಹೇಳುವ ಮೊದಲೇ ಡಾಕ್ಟರ ಮುಖ ಹೇಳಿತ್ತು. ಇಪ್ಪತ್ತೈದು ದಿನ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು ಅಂದರು.

ನನ್ನ ಅವ್ವ ಕುಳ್ಳಮ್ಮ ಅವತ್ತೇ ಮನೆದೇವರಿಗೆ ಹರಕೆ ಕಟ್ಟಿದಳು. ನಮ್ಮ ಮನೆದೇವರು ಬೆಟ್ಟದ ಮಾದಪ್ಪ.

"ಮಾದಪ್ಪ, ನನ್ ಮಗಳ ತೂಕಕ್ಕೆ ತೂಕ ಬೆಲ್ಲ ಕೊಡ್ತೀನಿ. ತವರ ಬೆಲ್ಲ, ನಮ್ ಆಲೆಮನೇದು. ನಿನ್ ತಕ್ಕಡೀಲಿ ಅವಳ್ನ ಕೂರ್ಸ್ತೀನಿ. ಇದೊಂದ್ ಜೀವ ಉಳಿಸ್ಕೊಡಪ್ಪ."

ಅವತ್ತು ಆಲೆಮನೆಯ ತಕ್ಕಡಿಯಲ್ಲಿ ಚಂದ್ರಿಯನ್ನು ಕೂರಿಸಿ ತೂಗಿದೆವು. ಐವತ್ತಾರು ಕಿಲೋ. ಅವಳು ಸರಪಳಿ ಹಿಡಿದುಕೊಂಡು ಕಿಸಕಿಸ ನಕ್ಕಳು.

"ಅಣ್ಣ, ಸರ್ಯಾಗಿ ನೋಡ್ಕಳೊ. ಮಾದಪ್ಪಂಗೆ ಒಂದ್ ಅಚ್ಚು ಕಮ್ಮಿ ಕೊಟ್ಟೀಯ!"

ಯುಗಾದಿ ಕಳೆದು ಕರೆಂಟು ಮುಗಿದ ಮೇಲೆ ಬೆಟ್ಟಕ್ಕೆ ಹೊರಟೆವು. ಬಸ್ಸಿನಲ್ಲಿ ಕೂರುವ ಸ್ಥಿತಿ ಅವಳದಲ್ಲ, ಕುಲುಕಿದರೆ ನೋವು. ನಾನೇ ಒಂದು ಬಾಡಿಗೆ ವ್ಯಾನು ಗೊತ್ತು ಮಾಡಿದೆ. ಊರವರಿಗೆಲ್ಲ ಗಾಡಿಯ ಹೊಟ್ಟೆ ಬಗೆದು ತೋರಿಸುವ ನಾನು, ಗುರುತಿನವರ ಗಾಡಿ ಅಂತ ಬಾನೆಟ್ ಎತ್ತಿಯೂ ನೋಡಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ತಾಳಬೆಟ್ಟದಿಂದ ಮೇಲಕ್ಕೆ ಇಪ್ಪತ್ತೇಳು ತಿರುವು. ಒಂಬತ್ತನೆಯ ತಿರುವಿನಲ್ಲಿ ರೇಡಿಯೇಟರ್ ಕುದಿದು ವ್ಯಾನು ನಿಂತುಬಿಟ್ಟಿತು. ಚಂದ್ರಿ ರಸ್ತೆ ಬದಿಯ ಬಂಡೆಯ ಮೇಲೆ ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಿಸಿಲಿನಲ್ಲಿ ಎರಡು ಗಂಟೆ ಕೂತಿದ್ದಳು. ಕೊನೆಗೆ ಇಳಿಯುತ್ತಿದ್ದ ಒಂದು ಲಾರಿಯವನು ನಮ್ಮನ್ನು ಹತ್ತಿಸಿಕೊಂಡು ಕೆಳಕ್ಕೆ ತಂದ. ದೇವರ ಮುಖ ನೋಡದೆ, ತಕ್ಕಡಿ ಮುಟ್ಟದೆ ಬೆಲ್ಲ ಮನೆಗೆ ವಾಪಸ್ಸು ಬಂತು.

ಹರಕೆಯ ದಾರಿಯಲ್ಲಿ ಅರ್ಧಕ್ಕೆ ತಿರುಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅವ್ವ ಊಟ ಬಿಟ್ಟು ಕೂತಳು. ಮಾದಪ್ಪನ ಕಥೆ ಹಾಡುವ ದೇವರಗುಡ್ಡ ಚಿಕ್ಕಮಾದಯ್ಯನನ್ನು ಕರೆಸಿ ಕೇಳಿಸಿದ್ದಾಯಿತು.

"ಒಂದ್ಸಲ ತಿರುಗ್ದೋರ್ನ ಪರೀಕ್ಸೆ ಅಂತ ಬುಡ್ತಾನೆ ಕಣವ್ವ," ಅಂದ ಅವನು. "ಎರಡ್ನೇ ಸಲ ತಿರುಗ್ಬ್ಯಾಡಿ. ತಿರುಗಿದ್ರೆ ಅರಕೆ ಮುರೀತು ಅಂತ್ಲೇ ಲೆಕ್ಕ."

ಅವ್ವ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನ ಬಾಡಿಗೆ ಗಾಡಿ ಸಾವಾಸ ಬ್ಯಾಡ," ಅಂದೆ. "ಸ್ವಂತ ಗಾಡಿ ತತ್ತೀನಿ. ಎಲ್ಲೂ ನಿಲ್ಲದ ಗಾಡಿ. ನಮ್ ಮನೆ, ಅವಳ ಮನೆ, ಎಲ್ರೂ ಒಟ್ಗೇ ಓಗವ. ಚಂದ್ರೀನ ನಾನು ಮೇಲಕ್ಕೆ ಅತ್ತುಸ್ದೆ ಇದ್ರೆ ನನ್ ಎಸ್ರು ಚಲುವಯ್ಯ ಅಲ್ಲ."

ಹೀಗೆ ಬಾಯಿ ಬಿಟ್ಟು ಹೇಳಿದ ಮಾತು ಎಷ್ಟು ಜನರನ್ನು ಕೊಂದಿದೆಯೋ ಕಾಣೆ.

ಏಳು ಮೂಟೆ ಮಾಡಿದೆ. ಹೋಗುವವರು ಆರು ಜನ, ಓಡಿಸುವ ನನ್ನನ್ನು ಬಿಟ್ಟು ಐದು ಜನಕ್ಕೆ ಐದು. ನನ್ನ ಹೆಂಡತಿ, ಅವ್ವ, ಬಾವ, ಬಾವನ ತಾಯಿ, ಚಂದ್ರಿ. ಆರನೆಯದು ಹರಕೆಯ ಬೆಲ್ಲಕ್ಕೆ, ಅದು ಚಂದ್ರಿಯಷ್ಟೇ ತೂಕ. ಏಳನೆಯದು ಬೆಟ್ಟದಲ್ಲಿ ಹತ್ತು ಜನಕ್ಕೆ ಅನ್ನ ಹಾಕುವ ಪರದ ಸಾಮಾನಿಗೆ. ದೇವರ ಬೆಲ್ಲವನ್ನು ಪರೀಕ್ಷೆಗೆ ಹೇರಬಾರದು ಅಂತ ಅವ್ವ ಹೇಳಿದ್ದರಿಂದ ಅದಕ್ಕೂ ಮರಳೇ. ಮೂಟೆಗಳ ಮೇಲೆ ಕೆಂಪು ಪೇಂಟಿನಲ್ಲಿ ಹೆಸರು ಬರೆದೆ. ಚಂದ್ರಿಯ ಮೂಟೆಗೆ ಮರಳು ತುಂಬುವಾಗ ಕಲ್ಲು ಆರಿಸಿ ಜರಡಿ ಹಿಡಿದೆ. ಯಾಕೆ ಅಂತ ಗೊತ್ತಿಲ್ಲ.

ಶ್ರೀರಂಗಪಟ್ಟಣದಲ್ಲಿ ಮೈಸೂರು ರಸ್ತೆಯ ಬದಿಗೆ ದೇವಯ್ಯನ ಗಾಡಿ ವ್ಯಾಪಾರ. ಒಂದು ಹುಣಸೆಮರ, ಅದರ ಕೆಳಗೆ ನಾಲ್ಕು ಹಳೇ ಕಾರು, ಒಂದು ಹಗ್ಗದ ಮಂಚ, ಅಷ್ಟೇ. ನನಗಿಂತ ಹದಿನೈದು ವರ್ಷ ದೊಡ್ಡವನು, ಬ್ರೋಕರಾದರೂ ಸುಳ್ಳು ಹೇಳುತ್ತಿರಲಿಲ್ಲ. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲವಾದ್ದರಿಂದ ಅವನು ಮಂಚದ ಮೇಲೆ ಕಾಲು ನೀಡಿ ಕೂತಿದ್ದ. ನಾನು ಬಾವನನ್ನೂ ಕರೆದುಕೊಂಡು ಹೋಗಿದ್ದೆ.

"ಚಲುವ, ನಿನ್ಗೇ ಅಂತ ಒಂದ್ ಗಾಡಿ ಮಡಗಿವ್ನಿ ಕಣ್ಲಾ," ಅಂದ ದೇವಯ್ಯ. "ಎಂಬತ್ತೆಂಟ್ರದು. ಒಬ್ಬ ಮೇಷ್ಟ್ರು ಮಗೀನಂಗೆ ನೋಡ್ಕಂಡವ್ರೆ."

ಬಿಳಿ ಅಂಬಾಸಿಡರ್. ಎಡಗಡೆ ಹಿಂದಿನ ಬಾಗಿಲಿನ ಮೇಲೆ ಅಂಗೈಯಗಲ ಬಣ್ಣ ಹೋಗಿತ್ತು. ಬಾನೆಟ್ ಎತ್ತಿದೆ. ಎಲ್ಲಿಯೂ ಆಯಿಲ್ ಜಿನುಗಿಲ್ಲ. ಕೀ ತಿರುಗಿಸಿದರೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಇಂಜಿನ್ ಹಿಡಿಯಿತು. ಸೈಲೆನ್ಸರಿಗೆ ಕೈ ಅಡ್ಡ ಹಿಡಿದೆ, ಮಸಿ ಹತ್ತಲಿಲ್ಲ. ಒಳಗೊಳಗೇ ಖುಷಿಯಾಯಿತು. ಏಳು ಮೂಟೆ ಹೇರಿಕೊಂಡು ನಾನು ಮೇಲುಕೋಟೆ ಕಡೆ ತಿರುಗಿಸಿದೆ, ದೇವಯ್ಯ ಬಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಿಂದೆ ಬಂದ.

ಚೆನ್ನಾಗಿಯೇ ಹತ್ತಿತು. ಆದರೆ ಕೊನೆಯ ತಿರುವಿನಲ್ಲಿ, ಇನ್ನೇನು ಊರು ಕಾಣಬೇಕು ಅನ್ನುವಲ್ಲಿ, ಸೆಕೆಂಡ್ ಗೇರಿನಲ್ಲಿ ಏದುಸಿರು ಬಿಟ್ಟಿತು. ಫಸ್ಟ್ ಗೇರಿಗೆ ಹಾಕಿದೆ. ನಿಧಾನಕ್ಕೆ ಹತ್ತಿತು. ಕುದಿಯಲಿಲ್ಲ, ಹೊಗೆ ಬಿಡಲಿಲ್ಲ, ಬಿಸಿ ತೋರಿಸುವ ಸೂಜಿ ಅರ್ಧ ದಾಟಲಿಲ್ಲ. ಮೇಲೆ ನಿಲ್ಲಿಸಿ ನಾನು ಸ್ಟೇರಿಂಗಿನ ಮೇಲೆ ಕೈ ಬಡಿದೆ.

"ಆಗಲ್ಲ ದೇವಣ್ಣ. ಫಸ್ಟ್ ಗೇರ್ಗೆ ಬಿತ್ತು."

"ಬೀಳ್ಲಿ ಬುಡ್ಲಾ. ಫಸ್ಟ್ ಗೇರ್ ಮಾಡಿರದ್ಯಾಕೆ? ಪೂಜೆ ಮಾಡಕ್ಕಾ? ಅತ್ತಕ್ಕೆ ತಾನೆ?"

"ಇಲ್ಲೇ ಇಂಗಾದ್ರೆ ಮಾದಪ್ಪನ ಬೆಟ್ಟದಲ್ಲಿ ಇಪ್ಪತ್ತೇಳು ತಿರುವು ಅವೆ. ನಿಂತೋದ್ರೆ?"

"ನಿಂತೋಗಲ್ಲ. ಅಸ್ಟು ಎದ್ರಿಕೆ ಇದ್ರೆ ಗಾಡೀಲಿ ನೀನು, ಅವ್ವ, ನಿನ್ ತಂಗಿ ಮೂವರೇ ಓಗಿ. ಉಳಿದೋರ್ನ, ಬೆಲ್ಲಾನ, ಪಾತ್ರೆ ಪಗಡೇನೆಲ್ಲ ಬಸ್ಸಿಗತ್ಸು. ಎಲ್ಲಾರ್ನೂ ಒಂದ್ರಲ್ಲೇ ತುಂಬ್ಕಂಡೋಗಕ್ಕೆ ಇದೇನು ದಿಬ್ಬಣವಾ?"

ಎಷ್ಟು ಸರಳವಾದ ಮಾತು. ಒಬ್ಬ ಹುಂಬನಿಗೂ ಹೊಳೆಯುವಂಥದ್ದು. ನನಗೆ ಸರ್ರನೆ ಸಿಟ್ಟು ಬಂತು.

"ನನ್ ತಂಗಿ ಅರಕೆಗೆ ತವರೋರು ಬಸ್ಸಲ್ಲಿ ಇಂದ್ಗಡೆ ಬರದಾ? ನಿನ್ ಗಾಡಿ ಮಾರ್ಕಳಕ್ಕೆ ಏನ್ ಬೇಕಾರೂ ಯೋಳ್ತೀಯಲ್ಲ. ಬ್ಯಾಡ ಅಂದ್ರೆ ಬ್ಯಾಡ!"

ದೇವಯ್ಯ ಬೀಡಿ ಹಚ್ಚಿ ಆಚೆ ತಿರುಗಿದ. ಬಾವ ಗಾಡಿಯ ಹಿಂದೆ ನಿಂತು ಬಣ್ಣ ಹೋದ ಜಾಗವನ್ನು ಬೆರಳಿನಿಂದ ಸವರುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ.

ಆಮೇಲೆ ನಾನು ನೋಡಿದ ಗಾಡಿಗಳಿಗೆ ಲೆಕ್ಕವಿಲ್ಲ. ನಾಗಮಂಗಲದಲ್ಲಿ ಒಂದು ಫಿಯಟ್, ಅದು ಏರಿನ ಅರ್ಧಕ್ಕೇ ಸೋತಿತು. ದೇವಲಾಪುರದ ಒಬ್ಬರ ಹತ್ತಿರ ಜೀಪಿತ್ತು, ಏರನ್ನು ಆಟದ ಹಾಗೆ ಹತ್ತಿತು. ಆದರೆ ಕುಲುಕಾಟಕ್ಕೆ ಮೂಟೆಯ ಹೊಲಿಗೆಯೇ ಬಿಚ್ಚಿತು, ಅದರಲ್ಲಿ ಚಂದ್ರಿಯನ್ನು ಕೂರಿಸುವುದುಂಟೆ? ಶ್ರೀರಂಗಪಟ್ಟಣದ ಇನ್ನೊಬ್ಬರ ಕಾರಿನಲ್ಲಿ ಎಲ್ಲ ಸರಿಯಿತ್ತು, ಕ್ಲಚ್ಚು ಸುಟ್ಟ ವಾಸನೆ ಬಂತು. ಹೋದಲ್ಲೆಲ್ಲ ಏಳು ಮೂಟೆ ಹೊತ್ತುಕೊಂಡು ಹೋದೆ. ಗ್ಯಾರೇಜಿನ ಕೆಲಸ ಬಿದ್ದುಹೋಯಿತು. ಜನ ನಗುತ್ತಿದ್ದರು ಅಂತ ಈಗ ಗೊತ್ತಾಗುತ್ತದೆ. ಆವಾಗ ನನಗೆ ಒಂದೇ ಭಯ. ಎರಡನೆಯ ಸಲ ತಿರುಗಿದರೆ ಅವಳು ಉಳಿಯುವುದಿಲ್ಲ. ಗಾಡಿ ನಿಲ್ಲಬಾರದು. ಎಲ್ಲಿಯೂ, ಯಾವ ತಿರುವಿನಲ್ಲಿಯೂ ನಿಲ್ಲಬಾರದು.

ಗೌರಿ ಹಬ್ಬ ಬಂತು. ತಂಗಿಗೆ ಬಾಗಿನ ಕೊಡಬೇಕು. ಅವತ್ತು ಪರೀಕ್ಷೆಗೆ ಅಂತ ಕೆ.ಆರ್. ಪೇಟೆಯ ಒಬ್ಬರ ಕಾರು ಕೈಯಲ್ಲಿತ್ತು. ಅದರಲ್ಲೇ ಮೂಟೆಗಳ ಸಮೇತ ಗೋವಿಂದನಹಳ್ಳಿಗೆ ಹೋದೆ. ಚಂದ್ರಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ಏಳುವಾಗ ಕಂಬ ಹಿಡಿದುಕೊಂಡಳು. ಕೈಯ ಬಳೆಗಳು ಮೊಣಕೈಯವರೆಗೂ ಜಾರಿದವು. ನಾನು ನೋಡಿಯೂ ನೋಡದವನ ಹಾಗೆ ಮೊರವನ್ನು ಅವಳ ಮುಂದೆ ಇಟ್ಟೆ.

ಬಾಗಿನ ತೆಗೆದುಕೊಂಡ ಮೇಲೆ ಅವಳು ನಿಧಾನಕ್ಕೆ ನಡೆದು ಕಾರಿನ ಹತ್ತಿರ ಬಂದಳು. ಹಿಂದಿನ ಸೀಟಿನಲ್ಲಿ ಅವ್ವನ ಮೂಟೆಗೂ ಬಾವನ ಮೂಟೆಗೂ ನಡುವೆ ಅವಳ ಮೂಟೆ ಕೂತಿತ್ತು.

"ಅಣ್ಣ, ಇದು ನಾನಾ?"

"ಊಂ."

"ಒಳ್ಳೆ ಗುಂಡುಗುಂಡಾಗ್ ಇವ್ನಲ್ಲ ನಾನು!" ನಕ್ಕಳು. ಆಮೇಲೆ ಮೂಟೆಯ ಕಿವಿ ಹಿಡಿದು ಎಳೆದು ನೋಡಿದಳು. ಅಲುಗಲಿಲ್ಲ. "ಮರಳು ತೆಗಿ ಅಣ್ಣ. ಮೊನ್ನೆ ಆಸ್ಪತ್ರೇಲಿ ತೂಗಿದ್ರು. ನಲವತ್ತೊಂದು. ಇದ್ರಲ್ಲಿ ಅದಿನೈದ್ ಕಿಲೋ ತೆಗಿ, ಬೆಲ್ಲದ್ರಲ್ಲೂ ಅದಿನೈದು. ಗಾಡಿಗೆ ಅಗುರಾಯ್ತದೆ. ಆಗ ಯಾವ್ದಾದ್ರೂ ಅತ್ತುತ್ತೆ."

ಅವಳು ಲೆಕ್ಕ ಹೇಳಿದ್ದು ಸರಿಯಾಗಿತ್ತು. ನಾನು ಮಾತ್ರ ಹಬ್ಬದ ದಿನ, ಬೀದಿಯಲ್ಲಿ, ಕಿರುಚಿದೆ.

"ಯಾಕ್ ತೆಗೀಲಿ? ಆಂ? ಯಾಕ್ ತೆಗೀಲಿ? ನಾಳೆ ನೀನು ಮೈ ತುಂಬ್ಕತೀಯ, ಆಗೇನ್ಮಾಡ್ಲಿ? ಒಂದ್ ಇಡಿ ಮರಳೂ ತೆಗ್ಯಲ್ಲ ನಾನು!"

ಚಂದ್ರಿ ಮೂಟೆಯ ಮೇಲಿನ ಕೈ ತೆಗೆದಳು. "ಆಯ್ತು ಬುಡಣ್ಣ. ಇರ್ಲಿ," ಅಂದಳು. "ಬಾ, ಒಬ್ಬಟ್ಟು ಮಾಡಿವ್ರೆ. ತಿನ್ನು."

ಊಟವಾದ ಮೇಲೆ ಬಾವ ನನ್ನನ್ನು ಪಂಚಲಿಂಗೇಶ್ವರನ ಗುಡಿಯ ಕಡೆ ಕರೆದುಕೊಂಡು ಹೋದ. ಗುಡಿಯ ಮುಂದಿನ ಹುಲ್ಲಿನಲ್ಲಿ ನಿಂತು, ಅವನ ಜೀವಮಾನದಲ್ಲೇ ಉದ್ದವಾದ ಮಾತನ್ನು ಆಡಿದ.

"ಬಾವ, ಆ ಬಿಳೀ ಅಂಬಾಸಿಡ್ರು ಇನ್ನೂ ದೇವಣ್ಣನತ್ರ ಅದಂತೆ. ನೀವು ಬ್ಯಾಡ ಅಂದಿದ್ಕೆ ಯಾರೂ ತಗೊಂಡಿಲ್ವಂತೆ. ಅದ್ರಲ್ಲೇ ಓಗ್ಬುಡವ. ಈ ಅಮಾಸೆಗೇ ಓಗವ. ಅವಳು ಈಗ್ಲಾದ್ರೆ ಕೂರ್ತಾಳೆ. ಇನ್ನೊಂದ್ ತಿಂಗ್ಳಾದ್ರೆ ಗೊತ್ತಿಲ್ಲ."

"ಫಸ್ಟ್ ಗೇರ್ಗೆ ಬೀಳೋ ಗಾಡೀಲಿ ನನ್ ತಂಗೀನ ಕರ್ಕಂಡೋಗಲ್ಲ ನಾನು."

"ಬಾವ—"

"ಬಾವ, ನೀವು ಡೈರೀಲಿ ಆಲು ಅಳೀರಿ. ಗಾಡಿ ಸುದ್ದಿ ನನ್ಗೆ ಬುಡಿ."

ಹಾಗೆ ಅಂದೆ. ಆ ಮನುಷ್ಯನಿಗೆ ಹಾಗೆ ಅಂದೆ. ಅವನು ಚಪ್ಪಲಿಯ ತುದಿಯಿಂದ ಹುಲ್ಲು ಕೆದಕುತ್ತ ನಿಂತ. ಅವತ್ತೇ ನನ್ನ ಕೆನ್ನೆಗೆ ಎರಡು ಬಿಟ್ಟು, ಕೀ ಕಿತ್ತುಕೊಂಡು, ತನ್ನ ಹೆಂಡತಿಯನ್ನು ಕರೆದುಕೊಂಡು ಹೋಗಬಹುದಿತ್ತು. ಆದರೆ ಹರಕೆ ತವರಿನದು. ತವರಿನ ಅಣ್ಣನನ್ನು ದಾಟಿ ಹೋಗುವವನಲ್ಲ ಅವನು.

ದೀಪಾವಳಿ ಕಳೆದ ವಾರ ಕೊನೆಗೂ ಗಾಡಿ ಸಿಕ್ಕಿತು. ನಾಗಮಂಗಲದ ಒಬ್ಬ ಅಕ್ಕಿ ಗಿರಣಿಯವರದು, ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂರಿಸಿದ್ದರು. ಏಳು ಮೂಟೆ ಹೇರಿ ಮೇಲುಕೋಟೆಯ ಏರಿಗೆ ಬಿಟ್ಟೆ. ಅಬ್ಬಾ, ಅದೇನು ಎಳೆತ! ಅರ್ಧ ದಾರಿ ಮೂರನೇ ಗೇರಿನಲ್ಲಿ. ಕೊನೆಯ ತಿರುವು ಸೆಕೆಂಡಿನಲ್ಲಿ ಗುಡುಗುಡು ಅಂತ ದಾಟಿತು. ನಾನು ಒಬ್ಬನೇ ಇದ್ದೆ. ಗಾಡಿ ನಿಲ್ಲಿಸಿ ಹಿಂದಿನ ಸೀಟಿಗೆ ತಿರುಗಿ, "ಚಂದ್ರಿ, ಸಿಕ್ತು ಕಣವ್ವ!" ಅಂದೆ. ಹುಚ್ಚನ ಹಾಗೆ ಮೂಟೆಯನ್ನು ತಟ್ಟಿದೆ.

ಹಾಡಿಕೊಂಡು ಇಳಿದು ಗ್ಯಾರೇಜಿಗೆ ಬಂದರೆ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ತಲೆಯ ಮೇಲೆ ಸೆರಗಿತ್ತು.

"ಗೋವಿಂದನಳ್ಳಿಯಿಂದ ಫೋನ್ ಬಂದಿತ್ತು," ಅಂದಳು. ಮುಂದಕ್ಕೆ ಅವಳು ಹೇಳಬೇಕಾಗಿರಲಿಲ್ಲ.

ಹನ್ನೊಂದು ಗಂಟೆಗೆ ಹೋಗಿದ್ದಳು. ಹನ್ನೊಂದಕ್ಕೆ ನಾನು ಏರಿನಲ್ಲಿದ್ದೆ. ಅದೇ ಗಾಡಿಯಲ್ಲಿ, ಮುಂದಿನ ಮೂಟೆ ಇಳಿಸಿ, ಅವ್ವನನ್ನೂ ಹೆಂಡತಿಯನ್ನೂ ಅಲ್ಲೇ ಕೂರಿಸಿಕೊಂಡು ಹೋದೆ. ಹಿಂದಿನ ಮೂಟೆಗಳನ್ನು ಇಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಚಂದ್ರಿಯನ್ನು ಅಂಗಳದಲ್ಲಿ ಮಲಗಿಸಿದ್ದರು. ಮೇಲೆ ಹೊದಿಸಿದ್ದ ಸೀರೆಯ ಕೆಳಗೆ ಆಳಿದೆ ಅಂತಲೇ ಅನ್ನಿಸುತ್ತಿರಲಿಲ್ಲ. ಚಟ್ಟಕ್ಕೆ ನಾನೂ ಹೆಗಲು ಕೊಟ್ಟೆ. ತೂಕ ಕಂಡವನ ಹೆಗಲು ನನ್ನದು, ಅದಕ್ಕೆ ಸುಳ್ಳು ಗೊತ್ತಿಲ್ಲ. ಮೂವತ್ತು ಕಿಲೋ ಇದ್ದಿರಬಹುದು, ಮೂವತ್ತೊಂದು. ಹೊರಗೆ ಬೇವಿನ ಮರದ ಕೆಳಗೆ ಕಾರಿನಲ್ಲಿ ಐವತ್ತಾರು ಕಿಲೋ ಕೂತಿತ್ತು. ಆಗ ನನಗೆ ಗೊತ್ತಾಯಿತು. ನಾಲ್ಕು ತಿಂಗಳಿಂದ ನಾನು ಗಾಡಿ ಹುಡುಕಿದ್ದು ಇವಳಿಗಲ್ಲ, ಇವಳು ಹೀಗಾಗಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುವುದಕ್ಕೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲ್ಲೇ ಕುಸಿದು ಅತ್ತೆ. ಅಷ್ಟು ಜನರ ಮುಂದೆ ಹೋ ಅಂತ ಅತ್ತೆ.

ತಿಥಿಯಾಯಿತು. ಡೀಸೆಲ್ ಗಾಡಿಯನ್ನು ವಾಪಸ್ಸು ಕೊಟ್ಟೆ. ಇನ್ನು ಗಾಡಿ ನೋಡಿಕೊಡು ಅಂತ ಬಂದವರನ್ನು ಬೈದು ಕಳಿಸಿದೆ. ಆದರೆ ಅವ್ವ ಬಿಡಲಿಲ್ಲ. ಹರಕೆ ಹೊತ್ತವರು ಹೋದರೂ ಹರಕೆ ಹೋಗುವುದಿಲ್ಲ, ಮಾದಪ್ಪನ ಋಣ ಇಟ್ಟುಕೊಂಡು ಮಗಳು ಅಲೆಯಬಾರದು ಅಂದಳು. ಹಳೇ ಬೆಲ್ಲ ಮಳೆಗಾಲಕ್ಕೆ ನೀರೊಡೆದು ಹೋಗಿತ್ತು. ಸಂಕ್ರಾಂತಿ ಕಳೆದ ಮೇಲೆ ನಮ್ಮ ಆಲೆಮನೆಯಲ್ಲಿ ಹೊಸದಾಗಿ ಬೆಲ್ಲ ಮಾಡಿಸಿ, ಐವತ್ತಾರು ಕಿಲೋ ತೂಗಿ, ಕಬ್ಬಿನ ತರಗಿನಲ್ಲಿ ಸುತ್ತಿ ಇಟ್ಟಳು.

ಒಂದು ದಿನ ಬೆಳಿಗ್ಗೆ ದೇವಯ್ಯ ಗ್ಯಾರೇಜಿನ ಮುಂದೆ ಬಂದು ಗಾಡಿ ನಿಲ್ಲಿಸಿದ. ಬಿಳಿ ಅಂಬಾಸಿಡರ್. ಆರು ತಿಂಗಳು ಹುಣಸೆಮರದ ಕೆಳಗೆ ನಿಂತು ಟಾಪಿನ ಮೇಲೆಲ್ಲ ಕಲೆಯಾಗಿತ್ತು.

"ಅರಕೆ ತೀರುಸ್ಕಂಡ್ ಬಾ," ಅಂತ ಕೀ ಕೈಗಿಟ್ಟ. ನಾನು ಏನೋ ಹೇಳಲು ಹೋದೆ. "ಬಾಯ್ ಮುಚ್ಕೊಂಡ್ ತಗೊಂಡೋಗ್ಲಾ," ಅಂದ. ಅವನ ಕಣ್ಣೂ ಒದ್ದೆಯಾಗಿತ್ತು.

ಹೊರಡುವ ದಿನ ಎಲ್ಲರೂ ಬಂದರು. ಆರು ಜನಕ್ಕೆ ಐದು ಜನ. ಡಿಕ್ಕಿಯಲ್ಲಿ ಬೆಲ್ಲ, ಪಾತ್ರೆ, ಅಕ್ಕಿ. ನಾನು ಸ್ಟೇರಿಂಗ್ ಹಿಡಿಯುವಾಗ ಅವ್ವ ಗ್ಯಾರೇಜಿನ ಮೂಲೆಗೆ ಬೆರಳು ತೋರಿಸಿದಳು.

"ಅದ್ನ ತಗಬಾ. ಅವಳ ಜಾಗದಲ್ಲಿ ಮಡಗು. ತಕ್ಕಡೀಲಿ ಕೂರಕ್ಕೆ ಯಾರಾದ್ರೂ ಬೇಕಲ್ವಾ?"

ನಾನೂ ಬಾವನೂ ಮೂಟೆಯನ್ನು ಎತ್ತಿ ತಂದು ಹಿಂದಿನ ಸೀಟಿನ ನಡುವೆ ಇಟ್ಟೆವು. ಅವ್ವ ಅದರ ಮೇಲೆ ಚಂದ್ರಿಯ ಹಸಿರು ಸೀರೆ ಹೊದಿಸಿ ಕೈ ಬಳಸಿ ಕೂತಳು. ಬಾವ ಹತ್ತುವ ಮೊದಲು ಎಡಗಡೆಯ ಬಾಗಿಲಲ್ಲಿ ಬಣ್ಣ ಹೋದ ಜಾಗವನ್ನು ಒಮ್ಮೆ ಬೆರಳಿನಿಂದ ಸವರಿದ.

ಹೀಗೆ ನಾನು ಕೇಳಿದ್ದ ಪೂರಾ ಭಾರ ಆ ಗಾಡಿಯಲ್ಲಿತ್ತು. ಒಂದು ಹಿಡಿ ಕಮ್ಮಿಯಿರಲಿಲ್ಲ.

ತಾಳಬೆಟ್ಟದಲ್ಲಿ ಕಾಯಿ ಒಡೆದು ಏರಿಗೆ ಬಿಟ್ಟೆ. ಸುಳ್ಳು ಹೇಳುವುದಿಲ್ಲ, ನಾನು ಅವತ್ತು ಮಾದಪ್ಪನಿಗೆ ಬೇಡಿಕೊಂಡದ್ದು ಒಂದೇ. ಈ ಗಾಡಿ ನಿಲ್ಲಲಿ. ಎಲ್ಲಾದರೂ ಒಂದು ತಿರುವಿನಲ್ಲಿ ಕುದಿಯಲಿ, ಹೊಗೆ ಕಾರಲಿ, ಗೇರು ಮುರಿಯಲಿ. ನಾನು ಹೇಳಿದ್ದು ಸರಿಯಿತ್ತು ಅಂತ ಆಗಲಿ. ಮೊದಲ ತಿರುವಿಗೇ ಫಸ್ಟ್ ಗೇರಿಗೆ ಬಿತ್ತು. ಹತ್ತಿತು. ಎರಡನೆಯದು. ಹತ್ತಿತು. ಒಂಬತ್ತನೆಯ ತಿರುವು ಬಂತು. ಚಂದ್ರಿ ಕೂತಿದ್ದ ಬಂಡೆ ಹಾಗೇ ಇತ್ತು. ನಾನು ಸೂಜಿಯನ್ನೇ ನೋಡುತ್ತಿದ್ದೆ. ಅದು ಅರ್ಧಕ್ಕೆ ಬಂದು ಅಲ್ಲೇ ನಿಂತಿತ್ತು. ಹದಿನಾಲ್ಕು, ಹದಿನೈದು. ತಿರುವು ಬಂದಾಗ ಫಸ್ಟ್ ಗೇರು, ದಾಟಿದ ಮೇಲೆ ಸೆಕೆಂಡು. ವಯಸ್ಸಾದವರು ಮೆಟ್ಟಿಲು ಹತ್ತುವ ಹಾಗೆ ಒಂದೊಂದೇ ತಿರುವು ಹತ್ತಿಕೊಂಡು, ಎಲ್ಲಿಯೂ ನಿಲ್ಲದೆ, ಇಪ್ಪತ್ತೇಳನ್ನೂ ದಾಟಿ ಆ ಗಾಡಿ ಮಾದಪ್ಪನ ಬಾಗಿಲಿಗೆ ಬಂದು ನಿಂತಿತು. ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ.

ತಕ್ಕಡಿಯ ಹತ್ತಿರ ನಿಂತಿದ್ದವನು ಬೆಲ್ಲ ಏರಿಸಿಕೊಂಡು ಕೇಳಿದ, "ಯಾರು ಕೂರೋರು?"

"ನನ್ ಮಗಳು," ಅಂದಳು ಅವ್ವ.

ನಾನೂ ಬಾವನೂ ಮೂಟೆ ತಂದು ಇನ್ನೊಂದು ತಟ್ಟೆಯ ಮೇಲೆ ಇಟ್ಟೆವು. ಅವನು ಕೆಂಪು ಅಕ್ಷರ ಓದಿದ, ನಮ್ಮ ಮುಖ ನೋಡಿದ, ತಕ್ಕಡಿಯಿಂದ ಕೈ ಬಿಟ್ಟ. ತಕ್ಕಡಿ ಎರಡು ಸಲ ತೂಗಾಡಿ ಸಮವಾಗಿ ನಿಂತಿತು. ಅವ್ವ ಕೈ ಮುಗಿದು, "ಉಘೇ ಮಾದಪ್ಪ," ಅಂದಳು.

ಪರ ಮಾಡಿ, ಬಂದವರಿಗೆ ಅನ್ನ ಹಾಕಿ, ಮೂಟೆಯನ್ನು ಬೆಟ್ಟದಲ್ಲೇ ಬಿಟ್ಟು ನಾನೂ ಅವ್ವನೂ ಗಾಡಿಯ ಹತ್ತಿರ ಬಂದೆವು. ಬೇರೆಯವರು ಪ್ರಸಾದಕ್ಕೆ ಹೋಗಿದ್ದರು. ಅವ್ವ ಮುಂದಿನ ಸೀಟಿನಲ್ಲಿ ಕೂತಳು. ನನಗೆ ತಡೆಯಲಾಗಲಿಲ್ಲ.

"ಅವ್ವ, ಈ ಗಾಡಿ ಆಸಾಡದಲ್ಲೇ ಸಿಕ್ಕಿತ್ತು. ದೇವಣ್ಣ ತೋರಿಸಿದ್ದ. ನಾನೇ ಬ್ಯಾಡ ಅಂದೆ."

"ಗೊತ್ತು ಕಣ್ಲಾ ಮಗ."

ನಾನು ಅವಳ ಮುಖ ನೋಡಿದೆ.

"ಚಂದ್ರೀಗೂ ಗೊತ್ತಿತ್ತು. ಅಳಿಮಯ್ಯ ಅವತ್ತೇ ಯೋಳಿದ್ರಂತೆ. ನಾನು ನಿನ್ನ ಉಗುದು, ಅದೇ ಗಾಡೀಲಿ ಅವಳ್ನ ಕರ್ಕಂಡೋಗವ ಅಂತಿದ್ದೆ. ಅವಳೇ ಬ್ಯಾಡ ಅಂದ್ಲು." ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "'ಅಣ್ಣ ಗಾಡಿ ಉಡುಕ್ತಾ ಇರ್ಲಿ ಅವ್ವ' ಅಂದ್ಲು. 'ಗಾಡಿ ಸಿಕ್ರೆ ಬೆಟ್ಟಕ್ಕೋಯ್ತೀವಿ. ಬೆಟ್ಟಕ್ಕೋಗ್ ಬಂದ್ಮೇಲೂ ನನ್ಗೆ ವಾಸಿ ಆಗ್ದೆ ಓದ್ರೆ, ಆಮೇಲೆ ಅವನು ಏನ್ ಉಡುಕ್ತಾನೆ?' ಅಂದ್ಲು."

ನಾನು ಸ್ಟೇರಿಂಗಿನ ಮೇಲೆ ತಲೆ ಇಟ್ಟೆ. ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಬಾವ, ಅವನ ತಾಯಿ, ನನ್ನ ಹೆಂಡತಿ ಬಂದು ಹತ್ತಿದರು. ಬಾವ ಹಸಿರು ಸೀರೆಯನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡ. ಅವನ ಪಕ್ಕದ ಜಾಗ ಈಗ ಖಾಲಿಯಿತ್ತು.

"ಓಗವ ಬಾವ," ಅಂದ.

ಕೀ ತಿರುಗಿಸಿದೆ. ಒಂದೇ ಸೆಲ್ಫ್ ಸ್ಟಾರ್ಟಿಗೆ ಇಂಜಿನ್ ಹಿಡಿಯಿತು.